ಜರ್ಮನ್ ಡೇಟಾಬೇಸನ್ನು ಇಂಗ್ಲಿಷಿಗೆ ತರುವುದು: ಲಕ್ಷಗಟ್ಟಲೆ ಸಾಲು ಇದ್ದರೆ ಏನು ಮಾಡಬೇಕು

ಜರ್ಮನ್ ಕಂಪನಿಯೊಂದರ ಬಿಡಿಭಾಗಗಳ ಪಟ್ಟಿ. ನಾಲ್ಕು ಲಕ್ಷ ಸಾಲು, ವಿವರಣೆಯ ಕಾಲಂ ಪೂರ್ತಿ ಜರ್ಮನ್. ಜೊತೆಗೆ "ಇಂಗ್ಲಿಷ್ ಬೇಕು, ಬೇಗ ಬೇಕು" ಅಂತ ಒಂದು ಮೇಲ್. ಬೆಂಗಳೂರಿನ ಐಟಿಯಲ್ಲಿ ಇದು ಅಪರೂಪದ ಕೆಲಸ ಏನಲ್ಲ. ಬಾಷ್ ಆಡುಗೋಡಿಯಲ್ಲಿ ಮೈಕೋ ಆಗಿದ್ದ ಕಾಲದಿಂದ ಇದೆ, ಮರ್ಸಿಡಿಸ್ ಬೆಂಜ್‌ನ ಸಂಶೋಧನಾ ಕೇಂದ್ರ 1996ರಲ್ಲಿ ಬಂತು, ಎಸ್‌ಎಪಿ ಲ್ಯಾಬ್ಸ್ 1998ರಲ್ಲಿ ಬಂತು. ಇವರಿಗೂ ಇಂಥವರಿಗೂ ಕೆಲಸ ಮಾಡುವ ಸಣ್ಣ ಪುಟ್ಟ ಕಂಪನಿಗಳು ಎಷ್ಟೋ ಇವೆ. ಹಾಗಾಗಿ ಇವತ್ತಲ್ಲ ನಾಳೆ ಇಂಥ ಟೇಬಲ್ ನಿಮ್ಮ ಮುಂದೂ ಬರಬಹುದು.

ಬಂದಾಗ ಎಲ್ಲರೂ ಮೊದಲು ಮಾಡುವುದು ಒಂದೇ. ಪೈಥಾನ್‌ನಲ್ಲಿ ಒಂದು ಲೂಪ್ ಬರೆದು, ಒಂದೊಂದೇ ಸಾಲನ್ನು ಅನುವಾದದ ಎಪಿಐಗೆ (ಪ್ರೋಗ್ರಾಂ ಮೂಲಕ ಬಳಸುವ ಆನ್‌ಲೈನ್ ಸೇವೆ) ಕಳಿಸಿ, ಬಂದ ಉತ್ತರವನ್ನು ಪಕ್ಕದ ಕಾಲಂಗೆ ತುಂಬಿಬಿಡುವುದು. ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಬೆಳಗ್ಗೆ ನೋಡಿದರೆ ಒಂದೇ ಬೋಲ್ಟಿಗೆ ನಾಲ್ಕು ಹೆಸರು ಬಂದಿರುತ್ತದೆ, ಯಾವುದು ಸರಿ ಅಂತ ಹೇಳುವವರು ಯಾರೂ ಇರುವುದಿಲ್ಲ, ಮತ್ತು ನಾಲ್ಕು ಲಕ್ಷ ಸಾಲನ್ನು ಕೂತು ಓದುವ ತಾಳ್ಮೆ ಯಾರಿಗೂ ಇಲ್ಲ.

ದುಡ್ಡಿನ ಲೆಕ್ಕ ನೋಡಿ. ಸಾಲಿಗೆ ಸರಾಸರಿ 35 ಅಕ್ಷರ ಅಂತ ಇಟ್ಟುಕೊಂಡರೂ ಒಟ್ಟು 1 ಕೋಟಿ 40 ಲಕ್ಷ ಅಕ್ಷರ. ಗೂಗಲ್‌ನ ಮಾಮೂಲಿ ಅನುವಾದದ ಎಪಿಐ ಹತ್ತು ಲಕ್ಷ ಅಕ್ಷರಕ್ಕೆ 20 ಡಾಲರ್ ಅಂದರೆ 280 ಡಾಲರ್ ಆಯಿತು. ಕಂಪನಿಗೆ ಇದು ದೊಡ್ಡ ಮೊತ್ತವೇ ಅಲ್ಲ. ದುಬಾರಿ ಬೀಳುವುದು ಯಂತ್ರದ ಅನುವಾದ ಅಲ್ಲ, ಅದನ್ನು ಮನುಷ್ಯರು ನೋಡಿ ಒಪ್ಪುವ ಕೆಲಸ. ಅದಕ್ಕೇ ನಾನು ಹೇಳುವುದು: ಸಾಲುಗಳನ್ನು ಅನುವಾದ ಮಾಡಬೇಡಿ. ಮೊದಲು ಅವನ್ನು ಒಬ್ಬ ಮನುಷ್ಯ ಓದಿ ಮುಗಿಸುವಷ್ಟು ಕಡಿಮೆ ಮಾಡಿ, ಆಮೇಲೆ ಅನುವಾದ.

ಮೊದಲು ಏನೇನಿದೆ ನೋಡಿ

ಡೇಟಾಬೇಸಿನಲ್ಲಿ ಟೆಕ್ಸ್ಟ್ ಇರುವ ಕಾಲಂಗಳನ್ನೆಲ್ಲ ಪಟ್ಟಿ ಮಾಡಿ. ಮೈಎಸ್‌ಕ್ಯುಎಲ್ ಇರಲಿ, ಪೋಸ್ಟ್‌ಗ್ರೆಸ್ ಇರಲಿ, ಇನ್‌ಫರ್ಮೇಷನ್ ಸ್ಕೀಮಾ (ಯಾವ ಟೇಬಲ್‌ನಲ್ಲಿ ಯಾವ ಕಾಲಂ ಇದೆ ಅಂತ ಡೇಟಾಬೇಸೇ ಇಟ್ಟುಕೊಂಡ ಪಟ್ಟಿ) ಕೇಳಿದರೆ ಅದೇ ಹೇಳುತ್ತದೆ. ಪ್ರತಿ ಕಾಲಂಗೂ ಮೂರು ಸಂಖ್ಯೆ ತೆಗೆಯಿರಿ: ಒಟ್ಟು ಸಾಲು ಎಷ್ಟು, ಅದರಲ್ಲಿ ಬೇರೆ ಬೇರೆ ನಮೂದುಗಳು ಎಷ್ಟು, ಒಟ್ಟು ಅಕ್ಷರ ಎಷ್ಟು. ಅರ್ಧ ಕಾಲಂಗಳು ಇಲ್ಲೇ ಉದುರಿ ಹೋಗುತ್ತವೆ. ಒಂದರಲ್ಲಿ ಬರೀ ಕೋಡ್ ಇರುತ್ತದೆ, ಇನ್ನೊಂದರಲ್ಲಿ ಬೇರೆ ಬೇರೆ ನಮೂದು ಹನ್ನೆರಡೇ ಇರುತ್ತವೆ. ಆ ಹನ್ನೆರಡನ್ನು ಕೈಯಲ್ಲೇ ಬರೆದು ಮುಗಿಸಿ, ಅದಕ್ಕೆ ಯಂತ್ರ ಯಾಕೆ?

ಈ ಹಂತದಲ್ಲೇ ಇನ್ನೊಂದು ಕೇಳಿಕೊಳ್ಳಬೇಕು. ಷರಾ ಬರೆಯುವ ಕಾಲಂಗಳಲ್ಲಿ ಜನರ ಹೆಸರು, ಫೋನ್ ನಂಬರ್, "ಈ ಗಿರಾಕಿ ದುಡ್ಡು ಕೊಡುವುದು ತಡ" ಅನ್ನುವಂಥ ಮಾತು ಎಲ್ಲ ಇರುತ್ತದೆ. ಜನರ ಖಾಸಗಿ ಮಾಹಿತಿ ಕಾಪಾಡುವ ಯುರೋಪಿನ ಕಾನೂನು ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ. ಅಂಥ ಕಾಲಂ ಅನ್ನು ಹೊರಗಿನ ಎಪಿಐಗೆ ಕಳಿಸುವ ಮುಂಚೆ ಗಿರಾಕಿ ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ, ಫೋನಲ್ಲಿ "ಸರಿ" ಅಂದರೆ ಸಾಲದು. ಒಪ್ಪಿಗೆ ಸಿಗದಿದ್ದರೆ ಸ್ವಂತ ಮಷೀನಿನಲ್ಲಿ ಓಡುವ ಮಾಡೆಲ್ ಇದೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಓಪಸ್-ಎಂಟಿಯಲ್ಲಿ ಜರ್ಮನ್‌ನಿಂದ ಇಂಗ್ಲಿಷಿಗೆ ಮಾಡೆಲ್ ಪುಕ್ಕಟೆ ಸಿಗುತ್ತದೆ, ಆರ್ಗೋಸ್ ಟ್ರಾನ್ಸ್‌ಲೇಟ್ ಕೂಡ ಇದೆ. ಡೀಪ್ಎಲ್ ಅನ್ನುವ ಆನ್‌ಲೈನ್ ಅನುವಾದ ಸೇವೆಯಷ್ಟು ನುಣುಪಾಗಿ ಬರುವುದಿಲ್ಲ, ಆದರೆ ಡೇಟಾ ಮನೆ ಬಿಟ್ಟು ಹೋಗುವುದಿಲ್ಲ.

ಇನ್ನೊಂದು ನಿಯಮ, ಇದರಲ್ಲಿ ರಾಜಿ ಇಲ್ಲ. ಜರ್ಮನ್ ಕಾಲಂ ಮುಟ್ಟಬೇಡಿ. ಅದರ ಮೇಲೆ ಇಂಗ್ಲಿಷ್ ಬರೆಯಬೇಡಿ. ಬೇರೆ ಟೇಬಲ್ ಮಾಡಿ, ಅದರಲ್ಲಿ ಜರ್ಮನ್ ಮೂಲ, ಅದರ ಹ್ಯಾಶ್, ಇಂಗ್ಲಿಷ್, ಅನುವಾದ ಎಲ್ಲಿಂದ ಬಂತು, ಯಾವ ಸ್ಥಿತಿಯಲ್ಲಿದೆ, ಯಾರು ನೋಡಿದರು ಅನ್ನುವ ಕಾಲಂಗಳಿರಲಿ. ಹ್ಯಾಶ್ ಅಂದರೆ ಟೆಕ್ಸ್ಟಿನಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಗುರುತು, ಟೆಕ್ಸ್ಟ್ ಬದಲಾದರೆ ಅದೂ ಬದಲಾಗುತ್ತದೆ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅಕ್ಷರ ಕೆಟ್ಟಿದೆಯಾ?

ಜರ್ಮನ್‌ನಲ್ಲಿ ಎ, ಒ, ಯು ಅಕ್ಷರಗಳ ಮೇಲೆ ಎರಡು ಚುಕ್ಕೆ ಬರುತ್ತದೆ, ಅದು ಉಮ್ಲೌಟ್. ಜೊತೆಗೆ ಬೀಟಾದ ಹಾಗೆ ಕಾಣುವ ಎಸ್‌ಟ್ಸೆಟ್ ಅಂತ ಇನ್ನೊಂದು ಅಕ್ಷರ. ಲ್ಯಾಟಿನ್-1, ಯುಟಿಎಫ್-8 ಅಂದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಎರಡು ಬೇರೆ ಪದ್ಧತಿ. ಹಳೆ ಡೇಟಾಬೇಸ್ ಲ್ಯಾಟಿನ್-1ನಲ್ಲಿ ಇದ್ದು, ಮಧ್ಯೆ ಯಾರೋ ಯುಟಿಎಫ್-8 ಫೈಲನ್ನು ಹಾಗೇ ತುಂಬಿದ್ದರೆ, ಯು-ಉಮ್ಲೌಟ್ ಇರಬೇಕಾದ ಕಡೆ ತಲೆ ಮೇಲೆ ಅಲೆ ಹೊತ್ತ ದೊಡ್ಡ ಎ ಮತ್ತು ಅದರ ಪಕ್ಕ ಕಾಲು ಭಾಗದ ಚಿಹ್ನೆ ಕಾಣುತ್ತದೆ. ಆ ಜೋಡಿಯನ್ನು ಹುಡುಕಿ. ಕಂಡರೆ ಮೊದಲು ಅದನ್ನು ಸರಿಮಾಡಿ, ಕೆಟ್ಟ ಜರ್ಮನ್ ಕೊಟ್ಟರೆ ಯಂತ್ರ ಕೆಟ್ಟ ಇಂಗ್ಲಿಷನ್ನೇ ಕೊಡುವುದು. ಎಚ್‌ಟಿಎಂಎಲ್ ಎಂಟಿಟಿಗಳಾಗಿ (ü ಥರ) ಕೂತ ಉಮ್ಲೌಟ್‌ಗಳನ್ನೂ ಈಗಲೇ ಬಿಡಿಸಿ.

ಇದಕ್ಕಿಂತ ತಲೆನೋವು ಪೂರ್ತಿ ದೊಡ್ಡಕ್ಷರದಲ್ಲಿ ಇರುವ ಹಳೆ ಡೇಟಾ. ಹಿಂದಿನ ಸಿಸ್ಟಂಗಳಲ್ಲಿ ಉಮ್ಲೌಟ್ ಬರುತ್ತಿರಲಿಲ್ಲ, ಅದಕ್ಕೆ ಯು-ಉಮ್ಲೌಟ್ ಬದಲು ಯು ಮತ್ತು ಇ ಎರಡಕ್ಷರ ಬರೆಯುತ್ತಿದ್ದರು. ಸರಿ, ವಾಪಸ್ ಬದಲಿಸಿದರಾಯಿತು ಅಲ್ವಾ ಅಂತ ಫೈಂಡ್ ಅಂಡ್ ರಿಪ್ಲೇಸ್ ಮಾಡಲು ಹೋಗಬೇಡಿ. ಶ್ಟೊಯರುಂಗ್ ಅಂದರೆ ಕಂಟ್ರೋಲ್ ಯೂನಿಟ್, ಅದರಲ್ಲಿ ಯು ಮತ್ತು ಇ ಸಹಜವಾಗಿಯೇ ಅಕ್ಕಪಕ್ಕ ಇವೆ. ಹೊಸದು ಅನ್ನುವ ನೊಯೆ, ಮೂಲ ಅನ್ನುವ ಕ್ವೆಲ್ಲೆ, ಇವುಗಳಲ್ಲೂ ಹಾಗೇ. ಕಣ್ಣು ಮುಚ್ಚಿ ಬದಲಿಸಿದರೆ ಇಲ್ಲದ ಪದಗಳು ಹುಟ್ಟುತ್ತವೆ. ಹನ್‌ಸ್ಪೆಲ್‌ನ (ಕಾಗುಣಿತ ನೋಡುವ ಪ್ರೋಗ್ರಾಂ) ಜರ್ಮನ್ ಡಿಕ್ಷನರಿ ಹಾಕಿಕೊಂಡು, ಬದಲಿಸಿದ ರೂಪ ಅದರಲ್ಲಿ ಇದ್ದು ಮೊದಲಿನ ರೂಪ ಇಲ್ಲದಿದ್ದರೆ ಮಾತ್ರ ಬದಲಿಸಿ. ಎರಡೂ ಇದ್ದರೆ ಮನುಷ್ಯರಿಗೆ ಬಿಡಿ. ಎಸ್‌ಟ್ಸೆಟ್‌ದು ಇನ್ನೂ ಗೋಜಲು. ಅಳತೆಗಳು ಅನ್ನುವ ಮಾಸೆ, ತೂಕ ಅಥವಾ ವಿದ್ಯುತ್ತಿನ ಅರ್ಥ್ ಅನ್ನುವ ಮಸ್ಸೆ, ಎಸ್‌ಟ್ಸೆಟ್ ದೊಡ್ಡಕ್ಷರದಲ್ಲಿ ಎರಡು ಎಸ್ ಆಗುವುದರಿಂದ ಎರಡೂ ಒಂದೇ ಥರ ಕಾಣುತ್ತವೆ. ಎಸ್‌ಟ್ಸೆಟ್‌ಗೆ ದೊಡ್ಡಕ್ಷರದ ರೂಪವನ್ನು ಅಧಿಕೃತವಾಗಿ ಒಪ್ಪಿದ್ದೇ 2017ರಲ್ಲಿ, ಹಳೆ ಡೇಟಾದಲ್ಲಿ ಅದು ಸಿಗುವುದಿಲ್ಲ. ಅಲ್ಲಿ ಪಕ್ಕದ ಕಾಲಂ ನೋಡಿಯೇ ತೀರ್ಮಾನಿಸಬೇಕು.

ಎಸ್‌ಎಪಿಯ (ಕಂಪನಿಗಳು ಸ್ಟಾಕು, ಖರೀದಿ, ಲೆಕ್ಕ ಇಡುವ ಜರ್ಮನ್ ಸಾಫ್ಟ್‌ವೇರ್) ಉದ್ದ ಟೆಕ್ಸ್ಟ್ ಇದ್ದರೆ ಅದು 132 ಅಕ್ಷರದ ಸಾಲುಗಳಾಗಿ ತುಂಡಾಗಿರುತ್ತದೆ. ವಾಕ್ಯ ಅರ್ಧಕ್ಕೆ ನಿಂತು ಮುಂದಿನ ಸಾಲಿಗೆ ಹೋಗಿರುತ್ತದೆ. ಜೋಡಿಸದೆ ಕಳಿಸಿದರೆ ಎರಡು ಅರ್ಧ ವಾಕ್ಯಕ್ಕೆ ಎರಡು ಸುಳ್ಳು ಅನುವಾದ ಬರುತ್ತದೆ. ಜೋಡಿಸುವಾಗ ಸಾಲಿನ ಕೊನೆಯ ಅಡ್ಡಗೆರೆಯನ್ನೆಲ್ಲ ಅಳಿಸಬೇಡಿ. "ಐನ್- ಉಂಟ್ ಔಸ್‌ಗಾಂಗ್" ಅಂತ ಬರೆದರೆ ಇನ್‌ಪುಟ್ ಮತ್ತು ಔಟ್‌ಪುಟ್ ಅಂತ ಅರ್ಥ, ಆ ಗೆರೆ ಅಲ್ಲಿ ಬೇಕಾಗಿಯೇ ಇದೆ. ಗೆರೆಯ ನಂತರ "ಉಂಟ್" ಅಥವಾ "ಓಡರ್" ಬಂದರೆ ಮುಟ್ಟಬೇಡಿ, ಅಷ್ಟೇ.

ಸಾಲು ಬೇಡ, ಅಚ್ಚು ಸಾಕು

ಈಗ ನಿಜವಾದ ಕೆಲಸ. ಒಂದು ಸಾಲನ್ನು ಹತ್ತಿರದಿಂದ ನೋಡೋಣ: "ಝೆಕ್ಸ್‌ಕಾಂಟ್‌ಶ್ರೌಬೆ ಎಂ8×30 ಡಿನ್ 933 ಗಾಲ್ವ್. ಫೆರ್‌ಟ್ಸ್." ಅಂತ ಇದೆ. ಶ್ರೌಬೆ ಅಂದರೆ ಸ್ಕ್ರೂ ಅಥವಾ ಬೋಲ್ಟ್, ಡಿನ್ ಅಂದರೆ ಜರ್ಮನಿಯ ಮಾನದಂಡ. ಇದರ ಕೆಳಗೆ ಎಂ8×35, ಎಂ8×40, ಎಂ10×30 ಅಂತ ನೂರಾರು ಸಾಲು. ಯಂತ್ರದ ಕಣ್ಣಿಗೆ ಇವೆಲ್ಲ ಬೇರೆ ಬೇರೆ ವಾಕ್ಯ. ನಮಗೆ ಒಂದೇ. ಅಳತೆ ಇರುವ ಜಾಗದಲ್ಲಿ ಒಂದು ಗುರುತು ಇಡಿ, ಅಚ್ಚು ಉಳಿಯುತ್ತದೆ: ಷಟ್ಕೋನ ತಲೆಯ ಶ್ರೌಬೆ, ಅಳತೆ, ಡಿನ್ 933, ಸತುವಿನ ಲೇಪ. ಈ ಅಚ್ಚನ್ನು ಒಂದೇ ಸಲ ಅನುವಾದ ಮಾಡಿ, ಒಬ್ಬರು ನೋಡಿ ಒಪ್ಪಲಿ, ಆಮೇಲೆ ಅಳತೆಗಳನ್ನು ವಾಪಸ್ ಕೂರಿಸುವುದು ಕಂಪ್ಯೂಟರಿನ ಪಾಲು.

ಬಿಡಿಭಾಗ, ಹಾರ್ಡ್‌ವೇರ್, ವಿದ್ಯುತ್ ಸಾಮಾನು ಇಂಥ ಡೇಟಾದಲ್ಲಿ ಇದರಿಂದ ಪಟ್ಟಿ ಎಷ್ಟು ಕುಗ್ಗುತ್ತದೆ ಅಂದರೆ, ಲಕ್ಷದಲ್ಲಿ ಇದ್ದದ್ದು ಓದಿ ಮುಗಿಸುವ ಮಟ್ಟಕ್ಕೆ ಬರುತ್ತದೆ. ಬಟ್ಟೆ, ಪುಸ್ತಕ, ಪ್ರವಾಸದ ವಿವರಣೆಗಳಲ್ಲಿ ಇಷ್ಟು ಕುಗ್ಗುವುದಿಲ್ಲ, ಅಲ್ಲಿ ಪ್ರತಿ ಪ್ಯಾರಾ ಹೊಸದು.

ಅಚ್ಚು ತೆಗೆಯುವಾಗ ಒಂದೆರಡು ಎಚ್ಚರ. ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸಬೇಡಿ, ಜರ್ಮನ್‌ನಲ್ಲಿ ನಾಮಪದ ದೊಡ್ಡಕ್ಷರದಿಂದ ಶುರುವಾಗುತ್ತದೆ, ಅದು ಯಂತ್ರಕ್ಕೆ ಒಳ್ಳೆ ಸುಳಿವು. ಎಲ್ಲ ಅಂಕಿಯೂ ಅಳತೆಯಲ್ಲ. ಡಿನ್ 933ರಲ್ಲಿನ 933 ಅಚ್ಚಿನ ಭಾಗ, ಅದನ್ನು ಬಿಚ್ಚಬೇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಮತ್ತೆ ಕಾಮಾ: ಜರ್ಮನ್‌ನಲ್ಲಿ 0,5 ಅಂದರೆ ಅರ್ಧ, 1.500 ಅಂದರೆ ಒಂದೂವರೆ ಸಾವಿರ. ಇಂಗ್ಲಿಷಿನಲ್ಲಿ ಎರಡೂ ತಿರುಗಾಮುರುಗಾ. ಅನುವಾದದ ಯಂತ್ರ ಇದನ್ನು ಒಮ್ಮೆ ಬದಲಿಸುತ್ತದೆ, ಒಮ್ಮೆ ಹಾಗೇ ಬಿಡುತ್ತದೆ. ಅಂಕಿಗಳನ್ನು ನೀವೇ ತೆಗೆದು ನೀವೇ ಬದಲಿಸಿ ಕೂರಿಸಿದರೆ ಈ ರಗಳೆಯೇ ಇಲ್ಲ. ಡಿನ್, ಐಎಸ್‌ಒ ನಂಬರು, ಆರ್ಟಿಕಲ್ ನಂಬರು, ವೆಬ್ ವಿಳಾಸ, ಎಚ್‌ಟಿಎಂಎಲ್ ಟ್ಯಾಗ್, ಪ್ರೋಗ್ರಾಂ ತುಂಬುವ ಖಾಲಿ ಜಾಗಗಳು, ಇವು ಯಾವುವೂ ಅನುವಾದ ಆಗಬಾರದು. ಇವನ್ನು ಎಕ್ಸ್‌ಎಂಎಲ್ ಟ್ಯಾಗ್ ಒಳಗೆ ಹಾಕಿ ಕಳಿಸಿ, "ಇದನ್ನು ಬಿಡು" ಅಂತ ಡೀಪ್ಎಲ್‌ಗೆ ಹೇಳಬಹುದು.

ಪದಪಟ್ಟಿ ಇಲ್ಲದೆ ಕೈ ಹಾಕಬೇಡಿ

ಅಚ್ಚುಗಳು ಸಿಕ್ಕ ಮೇಲೆ ಅವುಗಳಲ್ಲಿನ ಪದಗಳನ್ನು ಎಣಿಸಿ, ಜಾಸ್ತಿ ಬರುವುದು ಮೇಲೆ ಬರುವ ಹಾಗೆ ಜೋಡಿಸಿ. ಮೊದಲ ಕೆಲವು ನೂರು ಪದ ಕೈಯಲ್ಲಿ ಕೂತು ಮಾಡಿ. ಇಲ್ಲಿ ಸಮಯ ಹೋದರೆ ಹೋಗಲಿ.

ಯಾಕೆ ಅಂದರೆ ಒಂಟಿ ಪದ ಕೊಟ್ಟರೆ ಯಂತ್ರ ಮನೆಬಳಕೆಯ ಅರ್ಥವನ್ನೇ ಹಿಡಿಯುತ್ತದೆ. ಮುಟ್ಟರ್ ಅಂದರೆ ತಾಯಿ, ನಟ್ಟೂ ಹೌದು. ಝಾಟ್ಸ್ ಅಂದರೆ ವಾಕ್ಯ, ಸೆಟ್ ಕೂಡ. ಫೇಡರ್ ಅಂದರೆ ಗರಿ, ಸ್ಪ್ರಿಂಗೂ ಹೌದು. ಹಾನ್ ಅಂದರೆ ಹುಂಜ, ನಲ್ಲಿಯೂ ಹೌದು. ನಟ್ ಬೋಲ್ಟ್ ಪಟ್ಟಿಯಲ್ಲಿ "ಮದರ್ ಎಂ8" ಅಂತ ಬಂದರೆ ನಗು ಬರುತ್ತದೆ, ಗಿರಾಕಿಗೆ ಬರುವುದಿಲ್ಲ. ಇಂಥವು ಕಣ್ಣಿಗೆ ಬೀಳುವ ತಪ್ಪು, ಪರವಾಗಿಲ್ಲ, ಯಾರಾದರೂ ಹಿಡಿಯುತ್ತಾರೆ. ಕಣ್ಣಿಗೆ ಬೀಳದವು ಬೇರೆ.

ಶ್ರೌಬೆ ತಗೊಳ್ಳಿ. ಇಂಗ್ಲಿಷಿನಲ್ಲಿ ಅದು ಸ್ಕ್ರೂ ಆಗಬಹುದು, ಬೋಲ್ಟ್ ಆಗಬಹುದು. ಷಟ್ಕೋನ ತಲೆಯದ್ದಾದರೆ ಡಿನ್ ನಂಬರು ದಾರಿ ತೋರಿಸುತ್ತದೆ. ಡಿನ್ 931ಕ್ಕೆ ಸಮನಾದದ್ದು ಐಎಸ್‌ಒ 4014, ದಾರ ಅರ್ಧ ಮಾತ್ರ ಇರುತ್ತದೆ, ಐಎಸ್‌ಒ ಅದನ್ನು ಬೋಲ್ಟ್ ಅನ್ನುತ್ತದೆ. ಡಿನ್ 933ಕ್ಕೆ ಐಎಸ್‌ಒ 4017, ದಾರ ತಲೆಯವರೆಗೂ ಇರುತ್ತದೆ, ಅದು ಸ್ಕ್ರೂ. ಅದಕ್ಕೇ ಆ ನಂಬರನ್ನು ಅಚ್ಚಿನಿಂದ ತೆಗೆಯಬೇಡಿ ಅಂದದ್ದು. ಪದಪಟ್ಟಿಯಲ್ಲಿ "ಈ ಪದಕ್ಕೆ ಆ ಪದ" ಅಂತ ಎರಡೇ ಕಾಲಂ ಇದ್ದರೆ ಸಾಲದು, "ಯಾವಾಗ" ಅಂತ ಮೂರನೆಯದೂ ಬೇಕು.

ಇನ್ನು "ಗಾಲ್ವ್. ಫೆರ್‌ಟ್ಸ್." ಪೂರ್ತಿ ಬಿಡಿಸಿದರೆ ಗಾಲ್ವಾನಿಶ್ ಫೆರ್‌ಟ್ಸಿಂಕ್ಟ್. ಇದನ್ನು ಕಂಡ ಕೂಡಲೇ ಗ್ಯಾಲ್ವನೈಸ್ಡ್ ಅಂತ ಬರೆಯಲು ಕೈ ಹೋಗುತ್ತದೆ. ಆದರೆ ಇದು ವಿದ್ಯುತ್ತಿನಿಂದ ಕೂರಿಸಿದ ತೆಳು ಸತುವಿನ ಪದರ, ಇಂಗ್ಲಿಷಿನಲ್ಲಿ ಝಿಂಕ್ ಪ್ಲೇಟೆಡ್. ಗ್ಯಾಲ್ವನೈಸ್ಡ್ ಅಂದರೆ ಓದುವವರು ಕರಗಿದ ಸತುವಿನಲ್ಲಿ ಅದ್ದಿ ತೆಗೆದ ದಪ್ಪ ಪದರ ಅಂದುಕೊಳ್ಳುತ್ತಾರೆ, ಅದಕ್ಕೆ ಜರ್ಮನ್‌ನಲ್ಲಿ ಬೇರೆ ಪದವೇ ಇದೆ, ಫೊಯರ್‌ಫೆರ್‌ಟ್ಸಿಂಕ್ಟ್. ಮಳೆಯಲ್ಲಿ ನಿಲ್ಲುವ ಕಂಬಕ್ಕೆ ಆ ತಪ್ಪು ಹೆಸರನ್ನು ನಂಬಿ ತೆಳು ಪದರದ್ದನ್ನು ತರಿಸಿದರೆ ತುಕ್ಕು ಹಿಡಿಯುತ್ತದೆ. ಓದುವವರಿಗೆ ಇದು ತಪ್ಪು ಅಂತ ಅನ್ನಿಸುವುದೇ ಇಲ್ಲ, ಅದೇ ತೊಂದರೆ.

ಸಂಕ್ಷೇಪಗಳು ಇಂಥ ಡೇಟಾದ ತುಂಬ ಇರುತ್ತವೆ, ಯಾಕೆಂದರೆ ಜಾಗ ಇಲ್ಲ. ಎಸ್‌ಎಪಿಯಲ್ಲಿ ಮೆಟೀರಿಯಲ್ ವಿವರಣೆಗೆ 40 ಅಕ್ಷರ ಮಾತ್ರ. ಉದ್ದುದ್ದ ಜರ್ಮನ್ ಪದಗಳನ್ನು ಅದರೊಳಗೆ ತುರುಕಲು ಒಬ್ಬೊಬ್ಬರು ಒಂದೊಂದು ಥರ ಕತ್ತರಿಸಿರುತ್ತಾರೆ. ಲಿ., ರೆ. ಅಂದರೆ ಎಡ, ಬಲ. ಎಂ. ಅಂದರೆ ಜೊತೆಗೆ, ಓ. ಅಂದರೆ ಇಲ್ಲದೆ. ಆ ಓ. ಒಂದನ್ನು ಬಿಟ್ಟರೆ ಸೀಲ್ ಇಲ್ಲದ ಬೇರಿಂಗ್ ಸೀಲ್ ಇರುವ ಬೇರಿಂಗ್ ಆಗಿಬಿಡುತ್ತದೆ. ಸಂಕ್ಷೇಪಗಳನ್ನು ಅನುವಾದಕ್ಕೆ ಮುಂಚೆಯೇ ಪೂರ್ತಿ ಜರ್ಮನ್‌ಗೆ ಬಿಡಿಸಿ. ಗೊತ್ತಾಗದ ಸಂಕ್ಷೇಪಗಳ ಪಟ್ಟಿ ಮಾಡಿ ಗಿರಾಕಿ ಕಂಪನಿಯ ಸ್ಟೋರ್ಸ್ ಅಥವಾ ಪರ್ಚೇಸ್‌ನವರಿಗೆ ಕಳಿಸಿ, ಅವರ ಐಟಿಯವರಿಗೆ ಬೇಡ, ಅವರಿಗೂ ಗೊತ್ತಿರುವುದಿಲ್ಲ.

ಟೀಮಿನಲ್ಲಿ ಒಬ್ಬರು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತವರು ಇದ್ದರೆ ಒಳ್ಳೆಯದು, ವ್ಯಾಕರಣಕ್ಕೆ ಆಗುತ್ತಾರೆ. ಆದರೆ ಇಂಗ್ಲಿಷ್ ಪದ ಸರಿಯಾ ಅಂತ ಕೇಳಲು ಪೀಣ್ಯದಲ್ಲಿ ಮಷೀನ್ ರಿಪೇರಿ ಮಾಡುವ ಒಬ್ಬರು ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ. "ಸೀಲಿಂಗ್ ಸೆಟ್ ಅಂತ ಯಾರೂ ಕೇಳಲ್ಲ ಸರ್, ಸೀಲ್ ಕಿಟ್ ಅಂತಾರೆ" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ.

ಯಂತ್ರಕ್ಕೆ ಕೊಡುವುದು

ಇಷ್ಟಾದ ಮೇಲೆ ಇದು ಸಲೀಸು. ಜರ್ಮನ್-ಇಂಗ್ಲಿಷ್ ಜೋಡಿಗೆ ನನ್ನ ಮೊದಲ ಆಯ್ಕೆ ಡೀಪ್ಎಲ್, ಕಲೋನ್ ನಗರದ ಕಂಪನಿ, ಅದರ ಅನುವಾದ ಸೇವೆ ಶುರುವಾದದ್ದು 2017ರಲ್ಲಿ. ಪದಪಟ್ಟಿಯನ್ನು ಗ್ಲಾಸರಿಯಾಗಿ ಹಾಕಬಹುದು. ಮೂಲ ಭಾಷೆ ಜರ್ಮನ್ ಅಂತ ನೀವೇ ಹೇಳಿ, ಊಹಿಸಲು ಬಿಡಬೇಡಿ, ಎರಡು ಪದದ ಸಾಲಿನಲ್ಲಿ ಅದು ಡಚ್ ಅಂದುಕೊಂಡರೂ ಆಶ್ಚರ್ಯ ಇಲ್ಲ. ಬ್ರಿಟಿಷ್ ಇಂಗ್ಲಿಷೋ ಅಮೆರಿಕನ್ನೋ ಅಂತ ಮೊದಲೇ ಕೇಳಿಕೊಳ್ಳಿ, ಆಮೇಲೆ ಸ್ಪ್ಯಾನರ್ ಅನ್ನು ರೆಂಚ್ ಮಾಡುತ್ತಾ ಕೂರಬೇಡಿ. ಪ್ರತಿ ಅಚ್ಚಿನ ಜೊತೆ ಅದು ಯಾವ ವರ್ಗದ ಸಾಮಾನು ಅನ್ನುವುದನ್ನು ಕಾಂಟೆಕ್ಸ್ಟ್ ಆಗಿ ಕೊಡಿ. "ಫಾಸ್ಟನರ್" ಅಂತ ಗೊತ್ತಾದರೆ ತಾಯಿ ನಟ್ ಆಗುತ್ತಾಳೆ. ಒಂದೊಂದೇ ಕಳಿಸಬೇಡಿ, ಒಂದು ಕೋರಿಕೆಯಲ್ಲಿ 50 ತುಣುಕು ಹೋಗುತ್ತವೆ. ಒಂದು ಕೋರಿಕೆಯಲ್ಲಿ ಒಂದೇ ವರ್ಗದ ಸಾಮಾನು ಇರಲಿ, ಕಾಂಟೆಕ್ಸ್ಟ್ ಎಲ್ಲಕ್ಕೂ ಒಂದೇ ಅನ್ವಯ ಆಗುವುದು.

ಚಾಟ್ ಮಾಡುವ ದೊಡ್ಡ ಭಾಷಾ ಮಾಡೆಲ್‌ಗಳನ್ನೂ ಬಳಸಬಹುದು. ಸಂಕ್ಷೇಪ ಬಿಡಿಸುವುದರಲ್ಲಿ ಅವು ಚುರುಕು. ಆದರೆ ಉದ್ದ ಪಟ್ಟಿ ಕೊಟ್ಟರೆ ಮಧ್ಯೆ ಒಂದು ಸಾಲು ನುಂಗಿಬಿಡಬಹುದು, ಆಗ ಕೆಳಗಿನದೆಲ್ಲ ಒಂದೊಂದು ಮೆಟ್ಟಿಲು ಜಾರುತ್ತದೆ. ಪ್ರತಿ ಸಾಲಿಗೂ ಐಡಿ ಕೊಟ್ಟು, ಅದೇ ಐಡಿ ಜೊತೆ ಜೇಸನ್‌ನಲ್ಲಿ ವಾಪಸ್ ಕೇಳಿ, ಹೋದದ್ದು ಎಷ್ಟು ಬಂದದ್ದು ಎಷ್ಟು ಅಂತ ಎಣಿಸಿ. ಎಣಿಕೆ ತಪ್ಪಿದರೆ ಆ ಕಂತನ್ನು ಪೂರ್ತಿ ಎಸೆಯಿರಿ.

ಪ್ರತಿ ಕಂತು ಮುಗಿದ ಕೂಡಲೇ ಟೇಬಲ್‌ಗೆ ಬರೆದು ಕಮಿಟ್ ಮಾಡಿ. ಎಪಿಐ 429 (ಕೋರಿಕೆಗಳು ಜಾಸ್ತಿ ಆದವು) ಅಂದರೆ ಸ್ವಲ್ಪ ತಡೆದು, ತಡೆಯುವ ಹೊತ್ತನ್ನು ಪ್ರತಿ ಸಲ ಇಮ್ಮಡಿ ಮಾಡುತ್ತಾ ಮತ್ತೆ ಕೇಳಿ. ಕರೆಂಟ್ ಹೋದರೂ ಸ್ಕ್ರಿಪ್ಟ್ ನಿಂತಲ್ಲಿಂದಲೇ ಶುರುವಾಗಬೇಕು.

ಬಂದದ್ದನ್ನು ಅನುಮಾನದಿಂದ ನೋಡಿ

ಮನುಷ್ಯರು ಓದುವ ಮುಂಚೆ ಎಸ್‌ಕ್ಯುಎಲ್‌ನಿಂದಲೇ ಎಷ್ಟೋ ತಪ್ಪು ಹಿಡಿಯಬಹುದು. ಇಂಗ್ಲಿಷ್ ಮತ್ತು ಜರ್ಮನ್ ಒಂದೇ ಆಗಿ ಉಳಿದವು ಯಾವುವು? ಇಂಗ್ಲಿಷಿನಲ್ಲಿ ಉಮ್ಲೌಟ್ ಉಳಿದಿದೆಯಾ? ಮೂಲದ ಅಂಕಿಗಳೆಲ್ಲ ಅನುವಾದದಲ್ಲೂ ಇವೆಯಾ? ಟ್ಯಾಗ್‌ಗಳ ಸಂಖ್ಯೆ ಸರಿಯಿದೆಯಾ? 40 ಅಕ್ಷರ ದಾಟಿದವು ಎಷ್ಟು? ಜರ್ಮನ್‌ಗಿಂತ ಇಂಗ್ಲಿಷ್ ಸಾಮಾನ್ಯವಾಗಿ ಚಿಕ್ಕದಾಗುತ್ತದೆ ನಿಜ, ಆದರೆ ನಾವು ಸಂಕ್ಷೇಪ ಬಿಡಿಸಿದ್ದೇವಲ್ಲ, ಹಾಗಾಗಿ ಉದ್ದ ಆಗಿರುತ್ತದೆ. ಸುಮ್ನೆ 40ಕ್ಕೆ ಕತ್ತರಿಸಿದರೆ ಬಾಲದಲ್ಲಿರುವ "ಎಡ" ಅಥವಾ "ಬಲ" ಹಾರಿಹೋಗುತ್ತದೆ, ಎರಡು ಬೇರೆ ಸಾಮಾನಿಗೆ ಒಂದೇ ಹೆಸರು ಉಳಿಯುತ್ತದೆ. ಇಂಗ್ಲಿಷ್ ಸಂಕ್ಷೇಪಗಳದ್ದೂ ಒಂದು ಪಟ್ಟಿ ಮಾಡಿ, ಅದರ ಪ್ರಕಾರವೇ ಕುಗ್ಗಿಸಿ.

ಇನ್ನೆರಡು ಪರೀಕ್ಷೆ ನನಗೆ ಬಹಳ ಇಷ್ಟ. ಒಂದೇ ಜರ್ಮನ್ ಪದಕ್ಕೆ ಒಂದಕ್ಕಿಂತ ಜಾಸ್ತಿ ಇಂಗ್ಲಿಷ್ ಬಂದಿದೆಯಾ? ಎರಡು ಬೇರೆ ಜರ್ಮನ್ ಸಾಲಿಗೆ ಒಂದೇ ಇಂಗ್ಲಿಷ್ ಬಂದಿದೆಯಾ? ಮೊದಲನೆಯದು ಗೊಂದಲ, ಅಷ್ಟೇ. ಎರಡನೆಯದು ಅಪಾಯ, ತಪ್ಪು ಸಾಮಾನು ಆರ್ಡರ್ ಆಗುವುದು ಅಲ್ಲೇ.

ಉಳಿದದ್ದನ್ನು ಮನುಷ್ಯರು ಓದಬೇಕು, ಎಷ್ಟು ಸಾಲುಗಳಲ್ಲಿ ಬರುತ್ತದೆ ಅನ್ನುವ ಕ್ರಮದಲ್ಲಿ. ಮೂರು ಸಾವಿರ ಸಾಲಿಗೆ ಹೋಗುವ ಅಚ್ಚನ್ನು ಇಬ್ಬರು ನೋಡಲಿ. ಒಂದೇ ಸಾಲಿನ ಅಚ್ಚುಗಳಲ್ಲಿ ಅಲ್ಲಲ್ಲಿ ಆರಿಸಿ ನೋಡಿದರೆ ಸಾಕು. ಎಕ್ಸೆಲ್ ಬೇಡ ಅಂತ ನನ್ನ ಸಲಹೆ, ಅದು ಸೊನ್ನೆಯಿಂದ ಶುರುವಾಗುವ ಆರ್ಟಿಕಲ್ ನಂಬರಿನ ಸೊನ್ನೆ ತಿನ್ನುತ್ತದೆ, 3-5 ಅಂತ ಇದ್ದರೆ ತಾರೀಖು ಮಾಡುತ್ತದೆ. ಅನುವಾದಕರಿಗೆ ಅಂತಲೇ ಇರುವ ಒಮೆಗಾಟಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಹಿಂದೆ ಒಪ್ಪಿದ ಅನುವಾದವನ್ನು ಟಿಎಂಎಕ್ಸ್ (ಮೂಲ ಮತ್ತು ಅನುವಾದವನ್ನು ಜೋಡಿಯಾಗಿ ಇಡುವ) ಫೈಲಿನಲ್ಲಿ ಇಟ್ಟುಕೊಂಡು ಅದನ್ನೇ ಹೋಲುವ ಸಾಲು ಬಂದಾಗ ತೋರಿಸುತ್ತದೆ.

ವಾಪಸ್ ಹಾಕುವುದು

ಎಸ್‌ಎಪಿ ಆದರೆ ಟೇಬಲ್‌ಗೆ ನೇರ ಬರೆಯಬೇಡಿ. ಮೆಟೀರಿಯಲ್ ವಿವರಣೆಗಳು ಇರುವ ಟೇಬಲ್‌ನಲ್ಲಿ ಜರ್ಮನ್‌ಗೆ ಡಿ, ಇಂಗ್ಲಿಷಿಗೆ ಇ ಅಂತ ಒಂದಕ್ಷರದ ಭಾಷಾ ಕೀ ಇದೆ, ಹಾಗಾಗಿ ಎರಡೂ ಪಕ್ಕಪಕ್ಕ ಇರುತ್ತವೆ. ಜೊತೆಗೆ ಹುಡುಕಾಟಕ್ಕೆ ಅಂತ ಅದೇ ವಿವರಣೆಯ ದೊಡ್ಡಕ್ಷರದ ಪ್ರತಿ ಇನ್ನೊಂದು ಕಾಲಂನಲ್ಲಿ ಇದೆ. ನೇರ ಬರೆದರೆ ಅದು ಹಳೆಯದೇ ಉಳಿದು, ಹೊಸ ಹೆಸರಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಬಿಎಪಿಐ (ಹೊರಗಿನ ಪ್ರೋಗ್ರಾಂಗಳಿಗೆ ಎಸ್‌ಎಪಿಯೇ ಕೊಟ್ಟ ದಾರಿ) ಮೂಲಕ ಹೋದರೆ ಅದೇ ನೋಡಿಕೊಳ್ಳುತ್ತದೆ. ಬೇರೆ ಡೇಟಾಬೇಸ್ ಆದರೆ ಭಾಷಾ ಕೋಡ್ ಇರುವ ಬೇರೆ ಟೇಬಲ್ ಮಾಡಿ, ಇಂಗ್ಲಿಷ್ ಇಲ್ಲದ ಕಡೆ ಜರ್ಮನ್ ತೋರಿಸುವ ಹಾಗೆ ವ್ಯೂ ಬರೆಯಿರಿ. ಖಾಲಿ ಕಾಣುವುದಕ್ಕಿಂತ ಜರ್ಮನ್ ಕಾಣುವುದು ವಾಸಿ. ವೆಬ್‌ಸೈಟಿನ ಸರ್ಚ್ ಇಂಡೆಕ್ಸ್ ಜರ್ಮನ್ ಅನಲೈಜರ್ (ಪದಗಳನ್ನು ಜರ್ಮನ್ ರೀತಿಯಲ್ಲಿ ಬಿಡಿಸುವ ಭಾಗ) ಮೇಲೆ ನಿಂತಿದ್ದರೆ ಇಂಗ್ಲಿಷಿಗೆ ಬೇರೆ ಇಂಡೆಕ್ಸ್ ಕಟ್ಟಬೇಕು.

ಈಗ ಹ್ಯಾಶ್ ವಿಷಯ. ನೀವು ಅನುವಾದ ಮಾಡುತ್ತಿರುವಾಗಲೇ ಜರ್ಮನಿಯಲ್ಲಿ ಜನ ಹೊಸ ಸಾಮಾನು ಸೇರಿಸುತ್ತಿರುತ್ತಾರೆ, ಹಳೆಯದರ ವಿವರಣೆ ತಿದ್ದುತ್ತಿರುತ್ತಾರೆ. ಪ್ರತಿ ರಾತ್ರಿ ಒಂದು ಜಾಬ್ ಜರ್ಮನ್ ಮೂಲದ ಹ್ಯಾಶ್ ತೆಗೆದು ನಿಮ್ಮ ಟೇಬಲ್‌ನಲ್ಲಿ ಇರುವುದರ ಜೊತೆ ಹೋಲಿಸಲಿ. ಬದಲಾಗಿದ್ದರೆ ಇಂಗ್ಲಿಷನ್ನು ಅಳಿಸಬೇಡಿ, "ಹಳತಾಗಿದೆ" ಅಂತ ಗುರುತು ಹಾಕಿ ಸರದಿಗೆ ಸೇರಿಸಿ. ಅಚ್ಚು ಮೊದಲೇ ಒಪ್ಪಿದ್ದಾದರೆ ತಾನಾಗಿ ತುಂಬಲಿ. ಹೊಸ ಅಚ್ಚಾದರೆ ಯಂತ್ರ ಅನುವಾದಿಸಲಿ, ಆದರೆ "ಯಾರೂ ನೋಡಿಲ್ಲ" ಅನ್ನುವ ಸ್ಥಿತಿಯಲ್ಲೇ ಇರಲಿ. ಆ ಸರದಿ ಯಾರ ಹೆಸರಿನಲ್ಲಿ ಇರುತ್ತದೆ, ವಾರಕ್ಕೊಮ್ಮೆ ಯಾರು ಖಾಲಿ ಮಾಡುತ್ತಾರೆ ಅನ್ನುವುದನ್ನು ಪ್ರಾಜೆಕ್ಟ್ ಮುಗಿಯುವ ಮುಂಚೆಯೇ ಗಿರಾಕಿ ಕಂಪನಿಯಿಂದ ಬರೆಸಿಕೊಳ್ಳಿ, ಇಲ್ಲದಿದ್ದರೆ ಅದು ನಿಮ್ಮ ತಲೆಗೇ ಬರುತ್ತದೆ.